ಮುಖ ತೊಳೆದ ತಂಗಡಿ

ನಮ್ಮ ಬೀಗರು ಮೊದಲ ಸಲ ಮನೆಗೆ ಬಂದಾಗ, "ಯಜಮಾನ್ರು ಏನು ಕೆಲಸ ಮಾಡ್ತಾರ್ರಿ?" ಎಂದು ನನ್ನ ಹೆಂಡತಿ ಲಲಿತಾಳನ್ನು ಕೇಳಿದರು. "ಸಂಡೂರು ಕಡೆ ಗಣಿ ಕಂಪನ್ಯಾಗ ಫೋಟೋಗ್ರಾಫರ್ ಅದಾರ್ರಿ" ಎಂದಳು ಆಕೆ, ದನಿಯನ್ನು ಸ್ವಲ್ಪ ಎತ್ತರಿಸಿ. ದೊಡ್ಡ ದೊಡ್ಡ ಮಂದಿ ಬಂದಾಗ ಮುಂದೆ ಓಡಾಡಿ ಫ್ಲ್ಯಾಷ್ ಹೊಡೆಯುವವನು ನಾನು ಎಂದು ಬೀಗರು ತಿಳಿದುಕೊಂಡರು. ನಾನು ತಿದ್ದಲಿಲ್ಲ. ಮಗಳ ಮದುವೆಯಾಗಿ, ಮೊಮ್ಮಗ ಹುಟ್ಟಿದ ಮೇಲೆ ಅವರಿಗೆ ನಿಜ ಗೊತ್ತಾಯಿತು. ನೌಕರಿಯ ಬಹುಪಾಲು ನಾನು ತೆಗೆದದ್ದು ಒಂದೇ ಗಿಡದ ಫೋಟೋ. ಅದೂ ತಂಗಡಿ ಗಿಡ. ರಸ್ತೆ ಬದಿಯಲ್ಲಿ, ಪಾಳು ಬಿದ್ದ ಹೊಲದಲ್ಲಿ, ಯಾರೂ ಕರೆಯದಿದ್ದರೂ ಬಂದು ನಿಲ್ಲುವ, ಹಳದಿ ಹೂವಿನ, ಆಡು ಕೂಡ ಮೂಸಿ ನೋಡಿ ಮುಂದೆ ಹೋಗುವ ಗಿಡ.

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಫೋನ್ ಮಾಡುತ್ತಾರೆ. ಯಾವ ಲೆನ್ಸ್ ಒಳ್ಳೆಯದು ಸರ್, ಯಾವ ಕಂಪನಿ ಕ್ಯಾಮೆರಾ ತಗೊಳ್ಳಲಿ ಎನ್ನುತ್ತಾರೆ. ಅವರ ಕೈಯಲ್ಲಿರುವ ಫೋನಿನಲ್ಲೇ ನನ್ನ ಹಳೆಯ ಕ್ಯಾಮೆರಾಕ್ಕಿಂತ ಹೆಚ್ಚು ಬುದ್ಧಿ ಇದೆ, ಅದನ್ನು ನಾನೇನು ಹೇಳಲಿ? ನನ್ನ ಹತ್ತಿರ ಇರುವುದು ತಪ್ಪುಗಳು ಮಾತ್ರ. ಬಡ್ತಿಗಳ ವಿಷಯ ಬರೆಯಲು ಅರ್ಧ ಸಾಲು ಸಾಕಾದ್ದರಿಂದ ತಪ್ಪುಗಳಿಗೆ ಬೇಕಾದಷ್ಟು ಜಾಗ ಉಳಿಯುತ್ತದೆ.

ಮೊದಲು ಹೊಸಪೇಟೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇತ್ತು. ಪಾಸ್‌ಪೋರ್ಟ್ ಸೈಜು, ಶಾಲೆ ಮಕ್ಕಳ ಗುಂಪು ಫೋಟೋ, ಭಾನುವಾರ ಹಂಪಿಯಲ್ಲಿ ಪ್ರವಾಸಿಗರ ಫೋಟೋ. ಒಂದು ಮಾತು ಒಪ್ಪಿಕೊಳ್ಳುತ್ತೇನೆ, ಮನುಷ್ಯರ ಮುಖ ನನ್ನ ಕೈಗೆ ಒಗ್ಗಲಿಲ್ಲ. ನಾನು ಗುಂಡಿ ಒತ್ತುವ ಗಳಿಗೆಗೆ ಸರಿಯಾಗಿ ಎಲ್ಲರೂ ಕಣ್ಣು ಮುಚ್ಚುತ್ತಿದ್ದರು. ಹಂಪಿಯಲ್ಲಿ ನವದಂಪತಿಗಳನ್ನು ಬಂಡೆಯ ಮುಂದೆ ನಿಲ್ಲಿಸಿದರೆ ಬಂಡೆ ಚೆನ್ನಾಗಿ ಬರುತ್ತಿತ್ತು.

ಸ್ಟುಡಿಯೋ ಮುಚ್ಚಿಸಿದ್ದು ಕಂಪ್ಲಿಯ ಒಂದು ಮದುವೆ. ಅಕ್ಕಿ ಗಿರಣಿಯವರ ಮನೆ ಮದುವೆ. ಬೇರೆ ಕಡೆ ಅಕ್ಕಿಕಾಳೆಂದರೆ ನಾಲ್ಕು ಕಾಳು ಬೀಳುತ್ತವೆ. ಗಿರಣಿಯವರ ಮನೆಯಲ್ಲಿ ಅಕ್ಕಿಗೆ ಬರವೇ? ಮಾಂಗಲ್ಯದ ಹೊತ್ತಿಗೆ ಮಂದಿ ಬೊಗಸೆ ಬೊಗಸೆ ತೂರಿದರು. ಕ್ಯಾಮೆರಾ ಹೊಸದು. ಅದರೊಳಗೆ ಕಾಳು ಹೊಕ್ಕೀತೆಂದು ನಾನು ಅದನ್ನು ಹೊಟ್ಟೆಗೆ ಅವಚಿಕೊಂಡು ಬಗ್ಗಿದೆ. ಎದ್ದು ನೋಡುವಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು. ಆಲ್ಬಮ್ ನೋಡಿದ ಗಿರಣಿ ಯಜಮಾನರು ಸಿಟ್ಟಾಗಲಿಲ್ಲ, ಅದೇ ನನಗೆ ಹೆಚ್ಚು ನೋವಾದದ್ದು. "ತಮ್ಮಾ, ನಿನ್ ಫೋಟೋ ನೋಡಿದ್ರ ನನ್ ಮಗಳ ಮದುವಿ ಆಗೈತಿ ಅಂತ ನಂಗ ನಂಬಿಕಿ ಬರವಲ್ದು. ನೀನು ಅಲ್ಲಾಡಲಾರದ್ದು ಏನಾರ ತೆಗಿ, ಜೀವನಕ್ಕಾಗ್ತೈತಿ" ಎಂದರು.

ಅವರ ಬಾಯಿ ಹರಕೆಯೋ ಏನೋ, ಕೆಲವೇ ತಿಂಗಳಲ್ಲಿ ಅಲ್ಲಾಡಲಾರದ ವಸ್ತುಗಳ ನೌಕರಿ ಸಿಕ್ಕಿತು. ಸಂಡೂರಿನ ಗುಡ್ಡದಲ್ಲಿ ಗಣಿ ಇದ್ದ ಒಂದು ಖಾಸಗಿ ಕಂಪನಿ. ಅದಿರು ತೆಗೆಯುವಾಗ ಬರುವ ಕೆಲಸಕ್ಕೆ ಬಾರದ ಮಣ್ಣು ಕಲ್ಲನ್ನು ಪಕ್ಕದಲ್ಲಿ ಸುರಿದು ಸುರಿದು ಇನ್ನೊಂದು ಗುಡ್ಡವೇ ಆಗುತ್ತದೆ. ಅದಕ್ಕೆ ಡಂಪ್ ಅನ್ನುತ್ತಾರೆ. ಡಂಪಿನ ಇಳಿಜಾರಿನ ಮೇಲೆ ಗಿಡ ಬೆಳೆಸಬೇಕು. ಬೆಳೆದಿದೆ ಎನ್ನುವುದಕ್ಕೆ ಬೇಸಿಗೆ, ಮುಂಗಾರು, ಹಿಂಗಾರು, ಚಳಿಗಾಲ ಎಂದು ವರ್ಷಕ್ಕೆ ನಾಲ್ಕು ಸಲ ಅದೇ ಜಾಗದಲ್ಲಿ ನಿಂತು ಫೋಟೋ ತೆಗೆದು ಫೈಲಿಗೆ ಅಂಟಿಸಬೇಕು. ಎಲ್ಲಿ ನಿಲ್ಲಬೇಕು ಎಂದು ತೋರಿಸಲು ಪ್ರತಿ ಡಂಪಿನ ಮುಂದೆ ಅದರ ನಂಬರು ಬರೆದ ಕಲ್ಲು ನೆಟ್ಟಿದ್ದರು. ನನ್ನ ಕಥೆಯೆಲ್ಲ ಏಳನೇ ಕಲ್ಲಿನ ಮುಂದೆ ನಡೆದದ್ದು.

ಮೊದಲ ದಿನ ಸ್ಟುಡಿಯೋದವನ ಠೀವಿಯಲ್ಲಿ ಬಿಳಿ ಅಂಗಿ ಹಾಕಿಕೊಂಡು ಹೋದೆ. ಸಂಜೆ ಮೈತುಂಬ ಅದಿರಿನ ಕೆಂಪು ಧೂಳು ಮೆತ್ತಿಕೊಂಡು ಸ್ಟಾಫ್ ಬಸ್ಸಿನಿಂದ ಇಳಿದಾಗ ಲಲಿತಾ ಗುರುತು ಹಿಡಿಯಲು ತುಸು ಹೊತ್ತು ತೆಗೆದುಕೊಂಡಳು. ನನ್ನ ಬನಿಯನ್ ನೆನೆಹಾಕಿದ ಬಕೆಟ್ಟು ನೋಡಿ, "ಇದೇನ್ರೀ, ಓಕುಳಿ ಆಡಿ ಬಂದೀರೇನು?" ಎಂದಳು. ಅಂದಿನಿಂದ ನಿವೃತ್ತಿಯವರೆಗೆ ನನ್ನ ಎಲ್ಲ ಅಂಗಿಗಳ ಬಣ್ಣ ಒಂದೇ, ಅದು ಅಂಗಡಿಯಲ್ಲಿ ಸಿಗುವ ಬಣ್ಣವಲ್ಲ.

ನನ್ನ ಮೇಲಿನವರು ಕೊಟ್ರೇಶಪ್ಪ ಸಾಹೇಬರು. ಗಿಡ ನೆಡುವ ವಿಭಾಗ ಅವರದು. ಒಳ್ಳೆಯ ಮನುಷ್ಯ. ಆದರೆ ಮೇಲಿನ ಆಫೀಸಿನಿಂದ ಫೋನ್ ಬಂದರೆ ಕುರ್ಚಿಯಿಂದ ಎದ್ದು ನಿಂತು ಮಾತಾಡುತ್ತಿದ್ದರು. ಏಳನೇ ಕಲ್ಲಿನ ಮುಂದೆ ಅವರು ಸಾಲಾಗಿ ದುಬಾರಿ ಸಸಿ ನೆಡಿಸಿದ್ದರು. ಸಸಿಗಳು ಒಂದೊಂದಾಗಿ ಒಣಗುತ್ತಿದ್ದವು. ಅವುಗಳ ನಡುವೆ, ಯಾರೂ ನೆಡದ ಒಂದು ತಂಗಡಿ ಮೊಣಕಾಲೆತ್ತರ ಬೆಳೆದು ಹೂ ಬಿಟ್ಟಿತ್ತು. ನಾನು ಸುಡುವ ಮಧ್ಯಾಹ್ನ ಅದರ ಫೋಟೋ ತೆಗೆದೆ. ಆಗ ರೀಲಿನ ಕಾಲ. ತೊಳೆಸಲು ಹೊಸಪೇಟೆಗೆ ಕಳಿಸಿದರೆ ವಾರ ಕಾಯಬೇಕು. ವಾರದ ಮೇಲೆ ಬಂದ ಫೋಟೋದಲ್ಲಿ ಹೂವಿನ ಜಾಗದಲ್ಲೆಲ್ಲ ಬಿಳಿ ಬಿಳಿ ಚುಕ್ಕೆ.

"ಇದೇನಲೇ ಪಂಪಾಪತಿ, ಹೂವೋ, ಗಿಡಕ್ಕ ಲೈಟಿನ ಸೀರಿಯಲ್ ಸೆಟ್ ಬಿಟ್ಟೀಯೋ?" ಎಂದರು ಸಾಹೇಬರು.

ಹಳದಿ ಹೂವನ್ನು ಮಧ್ಯಾಹ್ನದ ಬಿಸಿಲಲ್ಲಿ ತೆಗೆಯಬಾರದು ಎಂದು ಹೀಗೆ ಕಲಿತೆ. ಬೆಳಿಗ್ಗೆ ಬಿಸಿಲು ಓರೆಯಾಗಿದ್ದಾಗ ಹೋದರೆ ಬೆಳಕು ಸರಿ, ಆದರೆ ಗುಡ್ಡದ ಗಾಳಿ. ಅಲ್ಲಾಡಲಾರದ ವಸ್ತು ಎಂದುಕೊಂಡು ಬಂದವನಿಗೆ ತಂಗಡಿ ಹೂವು ಅಕ್ಕಿಕಾಳಿನ ಮಂದಿಗಿಂತ ಹೆಚ್ಚು ಕುಣಿದು ತೋರಿಸಿತು. ಕುಕ್ಕರಗಾಲಲ್ಲಿ ಕೂತು ಗಾಳಿ ನಿಲ್ಲುವುದನ್ನು ಕಾಯುವುದೇ ಈ ಕೆಲಸದ ಮುಕ್ಕಾಲು ಪಾಲು. ಉಳಿದ ಕಾಲು ಪಾಲು ಮೊಣಕಾಲು ನೋವು.

ಏಳನೇ ಡಂಪಿನ ಬುಡದಲ್ಲಿ ಹತ್ತು ಹನ್ನೆರಡು ಮನೆಗಳಿದ್ದವು. ಅಲ್ಲಿಯ ಹುಲಿಗೆವ್ವ ನಮ್ಮ ಸಸಿಗಳಿಗೆ ನೀರು ಹಾಕುವ ಗುಂಪಿನ ಮುಂದಾಳು. ನನ್ನ ವಾರಿಗೆಯವಳು, ಎತ್ತರದ ಹೆಂಗಸು, ಓದು ಬರಹ ಇಲ್ಲ. ಗಿಡಗಳನ್ನೆಲ್ಲ ಆಕೆ ಹೆಣ್ಣುಮಕ್ಕಳಂತೆ ಮಾತಾಡಿಸುತ್ತಿದ್ದಳು. ಮೊದಲ ಬೇಸಿಗೆಯಲ್ಲಿ ಸಾಹೇಬರು, "ಎಲಿ ಎಲ್ಲಾ ಧೂಳು ಹಿಡಿದೈತಿ, ನೀರು ಚಿಮುಕಿಸಿ ತೆಗಿ, ಹಸರ ಕಾಣ್ಲಿ" ಎಂದು ಹುಕುಂ ಮಾಡಿದರು. ನಾನು ಒಂದು ಚೆಂಬು ನೀರು ತೆಗೆದುಕೊಂಡು ಹೋಗಿ ಚಿಮುಕಿಸಿದೆ. ಅದಿರಿನ ಧೂಳು ಅಂದರೆ ಮುಖಕ್ಕೆ ಹಚ್ಚುವ ಪೌಡರಲ್ಲ. ನೀರು ಬಿದ್ದದ್ದೇ ಕೆಸರಾಗಿ, ಎಲೆ ಎಲೆಗೂ ಕೆಂಪು ಗೆರೆ ಇಳಿದು, ಗಿಡ ಹೊಡೆತ ತಿಂದು ಅತ್ತ ಮಗುವಿನ ಹಾಗೆ ಕಂಡಿತು. ಮತ್ತೆರಡು ಚೆಂಬು ಸುರಿದೆ. ಇನ್ನೂ ಕೆಟ್ಟಿತು.

ಕೊಡ ಇಳಿಸಿ ನೋಡುತ್ತ ನಿಂತಿದ್ದ ಹುಲಿಗೆವ್ವ ನಕ್ಕಳು. "ಬಿಡ್ರಿ ಫೋಟೋದಣ್ಣಾರ. ಬ್ಯಾಸಿಗ್ಯಾಗ ಆಕಿ ಮುಖ ತೊಳಿಯಾಕ ನಿಮ್ ಕೈಲಿ ಆಗಂಗಿಲ್ಲ. ಮಳೀನ ಬರಬೇಕು."

ಆ ಮಾತು ಮುಂದೆ ನನ್ನ ಕುತ್ತಿಗೆಗೆ ಬರುತ್ತದೆಂದು ಆಗ ಹೇಗೆ ಗೊತ್ತಾಗಬೇಕು?

ಗಿಡ ಮಾತ್ರ ಎದ್ದಿತು. ಬೇಸಿಗೆಯಲ್ಲಿ ಕೆಂಪಗೆ, ಕಾಯಿ ಒಣಗಿ ಗಾಳಿಗೆ ಗಿಲಿಗಿಲಿ. ಮೊದಲ ದೊಡ್ಡ ಮಳೆಯ ಮರುದಿನ ಅದೇ ಗಿಡವೇ ಎಂದು ಅನುಮಾನ ಬರುವಷ್ಟು ಹಸಿರು. ಹಿಂಗಾರಿಗೆ ಮೈತುಂಬ ಹಳದಿ. ಚಳಿಗಾಲದಲ್ಲಿ ಚಪ್ಪಟೆ ಕಾಯಿ, ಎಲೆಯ ಮೇಲೆ ಮತ್ತೆ ಧೂಳು. ಸಾಹೇಬರ ಸಾಲು ಸಸಿಗಳು ಮುಗಿದವು. ತಂಗಡಿಯ ಬೀಜ ಬಿದ್ದು ಒಂದು ಹತ್ತಾಯಿತು, ಹತ್ತು ಇಳಿಜಾರು ತುಂಬ ಹರಡಿತು. ನಾನು ಅದೇ ಕಲ್ಲಿನ ಹಿಂದೆ ಕೂತು, ಮೊದಲ ಗಿಡವನ್ನು ಮುಂದಿಟ್ಟುಕೊಂಡು, ವರ್ಷಕ್ಕೆ ನಾಲ್ಕು ಸಲ ಗುಂಡಿ ಒತ್ತುತ್ತ ಹೋದೆ.

ಒಂದು ವರ್ಷ ಹಿಂಗಾರಿನ ಫೋಟೋಕ್ಕೆ ದೀಪಾವಳಿ ಮುಗಿಸಿಕೊಂಡು ಹೋದೆ. ಗಿಡದಲ್ಲಿ ಒಂದು ಹೂವಿಲ್ಲ. ಗಾಬರಿಯಾಗಿ ಹುಲಿಗೆವ್ವನ ಮನೆಗೆ ಇಳಿದು ಹೋದರೆ ನನ್ನ ಹೂವೆಲ್ಲ ಅಲ್ಲಿ ಕೂತಿತ್ತು. ಪಾಡ್ಯದ ದಿನ ನಮ್ಮ ಕಡೆ ಸಗಣಿಯಲ್ಲಿ ಹಟ್ಟೆವ್ವ ದೇವಿಯನ್ನು ಮಾಡಿ ಬಾಗಿಲ ಮುಂದೆ ಇಟ್ಟು ತಂಗಡಿ ಹೂವು ಚುಚ್ಚುತ್ತಾರೆ. ಹತ್ತು ಹನ್ನೆರಡು ಮನೆಯ ಹಟ್ಟೆವ್ವರೂ ನನ್ನ ಗಿಡದ ಹೂವು ಮುಡಿದು ಮೆರೆಯುತ್ತಿದ್ದರು.

"ಹುಲಿಗೆವ್ವ, ನನ್ ನೌಕರಿ ಹೋಕ್ಕೈತಿ. ಗುಡ್ಡದ ತುಂಬ ತಂಗಡಿ ಐತಿ, ಇದಾ ಗಿಡ ಬೇಕಿತ್ತಾ?"

"ಮೊದ್ಲ ಹುಟ್ಟಿದಾಕಿ ಆಕೀನಾ ಅಲ್ಲೇನ್ರಿ? ದೇವ್ರಿಗೆ ಮೊದ್ಲನಾಕಿ ಹೂವಾ ಬೇಕು."

"ನಮ್ ಸಾಹೇಬ್ರಿಗೂ ಆಕೀನಾ ಬೇಕಲ್ಲ."

ಆಕೆ ಗಿಡದ ಕಡೆ ಕೈ ಮಾಡಿದಳು. "ಹಂಗಾರ ಪಾಲು ಮಾಡಾಣು. ಗುಡ್ಡದ ಕಡಿ ಮಗ್ಗಲು ದೇವ್ರಿಗೆ. ಕಲ್ಲಿನ ಕಡಿ ಮಗ್ಗಲು ನಿಮ್ ಸಾಹೇಬ್ರಿಗೆ. ಅದನ್ನ ಯಾರೂ ಮುಟ್ಟಂಗಿಲ್ಲ, ನಾ ಹೇಳ್ತೀನಿ."

ಅಂದಿನಿಂದ ಹಾಗೇ ನಡೆಯಿತು. ಪ್ರತಿವರ್ಷ ಪಾಡ್ಯದ ಮರುದಿನ ಹೋದರೆ ನನ್ನ ಕಡೆಯ ಮಗ್ಗುಲು ತುಂಬಿದ ಹೂವು, ಆ ಕಡೆ ಬೋಳು. ನಾನು ಜಾಣತನದಿಂದ ಎದುರಿಗೆ ಕೂತು ತೆಗೆಯುತ್ತಿದ್ದೆ. ಆದರೂ ನೆತ್ತಿಯ ಮೇಲಿನಿಂದ ಹಿಂದಿನ ಬೋಳು ಕೊಂಬೆ ತುಸು ಇಣುಕುತ್ತಿತ್ತು. ಮುಂದೆ ಇಸ್ತ್ರಿ ಮಾಡಿ ಹಿಂದೆ ಹರಿದ ಅಂಗಿ ಹಾಕಿಕೊಂಡವರನ್ನು ನಾನು ಸ್ಟುಡಿಯೋದಲ್ಲೇ ಬೇಕಾದಷ್ಟು ಕಂಡಿದ್ದೆ, ಅಭ್ಯಾಸವಿತ್ತು.

ಇನ್ನು ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಮೇಲಿನವು ಕೈ ತಪ್ಪಿ ಆದದ್ದು. ಇದು ಕೈಯಾರೆ ಮಾಡಿದ್ದು.

ಅಷ್ಟೊತ್ತಿಗೆ ರೀಲು ಹೋಗಿ ಡಿಜಿಟಲ್ ಕ್ಯಾಮೆರಾ ಬಂದಿತ್ತು. ಬೇಸಿಗೆಯ ಫೋಟೋ ಕೊಡುವ ಗಡುವಿನ ಹಿಂದಿನ ದಿನ ಕಂಪ್ಲಿಯಲ್ಲಿ ಲಲಿತಾಳ ತಂಗಿಯ ಮನೆ ಗೃಹಪ್ರವೇಶ. ಊಟ ಮಾಡಿ ಮಧ್ಯಾಹ್ನದ ಬಸ್ಸಿಗೆ ಹೊರಟು ಗುಡ್ಡಕ್ಕೆ ಹೋಗುವುದು ಎಂದು ಲೆಕ್ಕ ಹಾಕಿದ್ದೆ. ಹೋಳಿಗೆ ಇತ್ತು, ಮಾವಿನ ಹಣ್ಣಿನ ಸೀಕರಣೆ ಇತ್ತು. ಬಡಿಸುತ್ತಿದ್ದವಳು ನಾದಿನಿ, ಬ್ಯಾಡ ಎಂದರೆ ಕೇಳುವವಳಲ್ಲ. ನಾನೂ ಜೋರಾಗಿ ಬ್ಯಾಡ ಅನ್ನಲಿಲ್ಲ. ಕೈ ತೊಳೆದು ಜಮಖಾನದ ಮೇಲೆ ಐದು ನಿಮಿಷ ಒರಗಿದವನು ಏಳುವಾಗ ಬಿಸಿಲು ಇಳಿದಿತ್ತು.

ಮನಸ್ಸು ಚುಚ್ಚಿತು. ಹೊಟ್ಟೆ ಭಾರ ಇಳಿಸಲು, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಕಾಲುವೆ ದಂಡೆಯ ಮೇಲೆ ಹೊರಟೆ. ಎದುರಿಗೆ ಒಂದು ತಂಗಡಿ. ಅದೇ ಎತ್ತರ, ಅದೇ ಹರವು. ಕಾಲುವೆಯ ನೀರು ಕುಡಿದು ಎಲೆಯೆಲ್ಲ ಫಳಫಳ, ಅಲ್ಲಲ್ಲಿ ಹೂವು. ಸಂಜೆಯ ಓರೆ ಬೆಳಕು. ಗಾಳಿ ಕೂಡ ನಿಂತಿತ್ತು. ಮೂವತ್ತು ವರ್ಷದಲ್ಲಿ ಅಂಥ ಗಳಿಗೆ ನನಗೆ ಗುಡ್ಡದಲ್ಲಿ ಸಿಕ್ಕಿಲ್ಲ. ಕೆಳಗಿನ ಕರಿಮಣ್ಣು, ಹಿಂದಿನ ಭತ್ತದ ಗದ್ದೆ ಕಾಣದ ಹಾಗೆ ಹತ್ತಿರ ಹೋಗಿ ತೆಗೆದೆ. ಮರುದಿನ ಕೆಳಗೆ "ಏಳನೇ ಕಲ್ಲು, ಬೇಸಿಗೆ" ಎಂದು ಬರೆದು ಫೈಲಿಗೆ ಹಾಕಿದೆ.

ಒಂದು ಫೋಟೋ, ಯಾರು ನೋಡುತ್ತಾರೆ ಎಂದುಕೊಂಡೆ. ಎಲ್ಲರೂ ನೋಡಿದರು. ಅಷ್ಟು ವರ್ಷ ನನ್ನ ಒಂದು ಫೋಟೋವನ್ನೂ ಹೊಗಳದ ಕೊಟ್ರೇಶಪ್ಪ ಸಾಹೇಬರು ಎದ್ದು ನಿಂತು, "ಮಸ್ತ್ ಬಂದೈತಲೇ, ಈಗ ಕಲಿತಿ ನೀನು" ಎಂದರು. ಅದನ್ನು ಬಾಗಿಲಷ್ಟು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಆಫೀಸಿನ ಬಾಗಿಲಲ್ಲೇ ತೂಗುಹಾಕಿದರು. ಆಯುಧಪೂಜೆಯ ದಿನ ಅದಕ್ಕೆ ಚೆಂಡುಹೂವಿನ ಸರ ಹಾಕಿ, ವಿಭೂತಿ ಹಚ್ಚಿ, ಕಾಯಿ ಒಡೆದು ಕೈಮುಗಿದರು. ನಾನೂ ಪಕ್ಕದಲ್ಲಿ ನಿಂತು ಕೈಮುಗಿದೆ. ದಿನಾ ಬೆಳಿಗ್ಗೆ ಆ ಗಿಡದ ಮುಂದೆ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದೆ. ನೋಡಿದವರು ನನ್ನ ವಿನಯ ಎಂದು ತಿಳಿದರು.

ಒಂದು ದಿನ ಬೇರೆ ಡಂಪಿನ ಸಸಿಗಳಿಗೆ ನೀರಿನ ಟ್ಯಾಂಕರ್ ಬಂದಿಲ್ಲವೆಂದು ಹೇಳಲು ಹುಲಿಗೆವ್ವ ಆಫೀಸಿಗೆ ಬಂದಳು. ಒಳಗೆ ಬಾರದೆ ಫೋಟೋದ ಮುಂದೆಯೇ ನಿಂತಳು. ನಾನು ನನ್ನ ಕುರ್ಚಿಯಿಂದ ನೋಡುತ್ತಲೇ ಇದ್ದೆ.

"ಇದು ಯಾವಾಗ ತೆಗದದ್ರಿ, ಫೋಟೋದಣ್ಣಾರ?"

"ಬ್ಯಾಸಿಗ್ಯಾಗ."

"ನಮ್ ಗಿಡ ಅಲ್ಲ ಇದು."

"ಯಾಕ?" ಎಂದೆ.

"ಮುಖ ತೊಳ್ಕಂಡಾಳಲ್ಲ. ನಮ್ಮಾಕೀಗೆ ಬ್ಯಾಸಿಗ್ಯಾಗ ಮುಖ ತೊಳಿಯೋರು ಯಾರು ಅದಾರ್ರಿ?"

ನಾನು ಎದ್ದು ಹೋಗಿ ಸಣ್ಣ ದನಿಯಲ್ಲಿ ಎಲ್ಲ ಹೇಳಿದೆ, ಸೀಕರಣೆ ಸಮೇತ. ಆಕೆ ನಗಲಿಲ್ಲ. "ನಾ ಯಾರಿಗೂ ಹೇಳಂಗಿಲ್ರಿ. ಹೇಳೂದಾದ್ರ ನೀವಾ ಹೇಳ್ರಿ" ಎಂದು ಟ್ಯಾಂಕರಿನ ಮಾತಾಡಿ ಹೋದಳು. ನಾನು ಹೇಳಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ಎರಡು ವರ್ಷ ತಳ್ಳಿದೆ.

ಅಷ್ಟರಲ್ಲಿ ಮೇಲಿನ ಆಫೀಸಿನಿಂದ ಹೊಸ ಯೋಜನೆ ಬಂತು. ಹಳೆಯ ಡಂಪುಗಳನ್ನೆಲ್ಲ ಮಷೀನಿನಿಂದ ಕೆತ್ತಿ, ಮೆಟ್ಟಿಲು ಮೆಟ್ಟಿಲು ಮಾಡಿ, ಹೊಸ ಸಸಿ ಸಾಲಾಗಿ ನೆಡುವುದು. ಆರನೇ ಡಂಪನ್ನು ಮೊದಲು ಕೆತ್ತಿದರು. ಮೆಟ್ಟಿಲು ಚೆನ್ನಾಗಿಯೇ ಕಂಡವು, ಮೊದಲ ಮಳೆಯ ತನಕ. ಮಳೆಗೆ ಸಡಿಲ ಮಣ್ಣು ಜಾರಿ ಹುಲಿಗೆವ್ವನ ಕೇರಿಯ ಅಂಚಿನ ಎರಡು ಮನೆಗಳ ಹಿತ್ತಿಲು ನುಂಗಿತು. ಪುಣ್ಯಕ್ಕೆ ಮಂದಿ ಕೂಲಿಗೆ ಹೋಗಿದ್ದರು. ಮುಂದಿನ ಸರದಿ ಏಳನೇ ಡಂಪಿನದು. ಅದು ನೇರ ಆಕೆಯ ಮನೆಯ ನೆತ್ತಿಯ ಮೇಲೆ.

ಕೆತ್ತುವುದೋ ಬಿಡುವುದೋ ಎಂದು ತೀರ್ಮಾನಿಸಲು ಮುಂಗಾರಿಗೆ ಮುಂಚೆ ಒಬ್ಬ ತಪಾಸಣೆಯ ಅಧಿಕಾರಿ ಬಂದರು. ನಡುವಯಸ್ಸು ದಾಟಿದ ಹೆಣ್ಣುಮಗಳು, ಹೆಚ್ಚು ಮಾತಿಲ್ಲ, ಕಣ್ಣು ಚುರುಕು. ಕೊಟ್ರೇಶಪ್ಪ ಸಾಹೇಬರು ನನ್ನ ಫೈಲು ಮುಂದಿಟ್ಟರು. "ಮೇಡಂ, ಇಳಿಜಾರು ತಾನಾ ಹಿಡ್ಕಂಡೈತಿ, ಇದನ್ನ ಕೆತ್ತೂದು ಬ್ಯಾಡ ಅನಸ್ತೈತ್ರಿ" ಎಂದರು. ಕುರ್ಚಿ ಬಿಟ್ಟು ಏಳದೆ ಅಷ್ಟು ಮಾತಾಡಿದ್ದು ಅವರ ಸರ್ವಿಸ್ಸಿನಲ್ಲಿ ಅದೇ ಮೊದಲು. ಹುಲಿಗೆವ್ವ ಮತ್ತು ಕೇರಿಯ ನಾಲ್ಕಾರು ಮಂದಿ ಬಾಗಿಲ ಹೊರಗೆ ನಿಂತಿದ್ದರು.

ಅಧಿಕಾರಿ ಒಂದೊಂದೇ ಹಾಳೆ ತಿರುವಿದರು. ಆಮೇಲೆ ಎದ್ದು ಬಾಗಿಲಲ್ಲಿದ್ದ ದೊಡ್ಡ ಫೋಟೋದ ಮುಂದೆ ನಿಂತರು.

"ಇದು ಬೇಸಿಗೆಯದೇ?"

"ಹೌದ್ರಿ ಮೇಡಂ" ಎಂದರು ಸಾಹೇಬರು ಹೆಮ್ಮೆಯಿಂದ.

"ಹಾಗಾದರೆ ನೀವು ನೀರು ಕೊಟ್ಟು, ತೊಳೆದು, ತೋಟದ ಹಾಗೆ ಸಾಕಿದ್ದೀರಿ. ನೀರು ನಿಲ್ಲಿಸಿದ ವರ್ಷ ಇದು ಒಣಗುತ್ತದೆ, ಇಳಿಜಾರು ಕುಸಿಯುತ್ತದೆ. ತಾನಾಗಿ ಹಿಡಿದುಕೊಂಡಿದೆ ಎಂದು ನಾನು ಹೇಗೆ ಬರೆಯಲಿ? ಕೆತ್ತುವುದೇ ಸರಿ."

ಸಾಹೇಬರು ಕುರ್ಚಿ ಬಿಟ್ಟು ಎದ್ದರು. ಹುಲಿಗೆವ್ವ ನನ್ನನ್ನು ನೋಡಿದಳು. ಆಕೆ ಒಂದು ಮಾತು ಆಡಿದ್ದರೆ ಆಗುತ್ತಿತ್ತು, ಆಡಲಿಲ್ಲ. ಹೇಳೂದಾದ್ರ ನೀವಾ ಹೇಳ್ರಿ ಎಂದಿದ್ದಳಲ್ಲ, ಆ ಮಾತಿಗೆ ತನ್ನ ಮನೆ ಹೋಗುವ ಹೊತ್ತಿನಲ್ಲೂ ಗಟ್ಟಿಯಾಗಿ ನಿಂತಳು. ನನಗೆ ಭಾಳ ನಾಚಿಕೆಯಾಯಿತು. ನಾಚಿಕೆಯೇ ನನ್ನನ್ನು ಎಬ್ಬಿಸಿ ನಿಲ್ಲಿಸಿತು, ಧೈರ್ಯವಲ್ಲ.

"ಮೇಡಂ, ಅದು ಇಲ್ಲಿಯ ಗಿಡ ಅಲ್ರಿ. ಕಂಪ್ಲಿ ಕಾಲುವಿ ದಂಡಿದು. ನಾನು ಗುಡ್ಡಕ್ಕ ಬರಲಾರ್ದ ಅಲ್ಲೇ ತೆಗದು, ಇಲ್ಲಿದು ಅಂತ ಸುಳ್ಳು ಬರದೀನಿ."

ಸಾಹೇಬರು ನನ್ನ ಕಡೆ ತಿರುಗಿ, "ಎರಡು ವರ್ಷ ನಾನು ಕಂಪ್ಲಿ ಗಿಡಕ್ಕ ಕಾಯಿ ಒಡದೀನೇನಲೇ?" ಎಂದರು. ಸಿಟ್ಟಿಗಿಂತ ಹೆಚ್ಚು ಅಳು ಇತ್ತು ಆ ದನಿಯಲ್ಲಿ.

ಅಧಿಕಾರಿ ಕೂತರು. "ಒಂದು ಸುಳ್ಳು ಬರೆದವರು ಉಳಿದದ್ದು ನಿಜ ಬರೆದಿದ್ದಾರೆ ಎಂದು ಯಾರು ನಂಬಬೇಕು? ಇವೆಲ್ಲ ಒಂದೇ ಗಿಡ ಎನ್ನುವುದಕ್ಕೆ ಏನು ಗುರುತು?" ಎಂದು ಫೈಲು ಮುಚ್ಚಿದರು. ಇಡೀ ನೌಕರಿಯ ಫೋಟೋಗಳನ್ನು ಒಂದು ಸೀಕರಣೆಯ ಊಟಕ್ಕೆ ಕೊಟ್ಟುಬಿಟ್ಟಿದ್ದೆ.

ಆಗ ಹುಲಿಗೆವ್ವ ಒಳಗೆ ಬಂದಳು. "ಯವ್ವಾ, ಆ ಪುಸ್ತಕ ನಾ ಒಂದೀಟು ನೋಡ್ಲ್ಯಾ?" ಎಂದಳು. ಅಧಿಕಾರಿ ಫೈಲನ್ನು ಆಕೆಯ ಕಡೆ ಸರಿಸಿದರು. ಹುಲಿಗೆವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು ನಿಧಾನವಾಗಿ ಹಾಳೆ ತಿರುವಿದಳು. ಹಿಂಗಾರಿನ ಒಂದು ಫೋಟೋದ ಮೇಲೆ ಬೆರಳಿಟ್ಟಳು.

"ಇಲ್ಲಿ ನೋಡ್ರಿ, ಹಿಂದಿನ ಕೊಂಬಿ ಬೋಳು ಐತಿ. ಮುಂದ ತುಂಬ ಹೂವು. ಪಾಡ್ಯಕ್ಕ ಹಟ್ಟೆವ್ವಗ ನಾವು ಆ ಮಗ್ಗಲು ಕಿತ್ಗಂತೀವಿ, ಈ ಮಗ್ಗಲು ಇವ್ರ ಫೋಟೋಕ್ಕ ಬಿಡ್ತೀವಿ. ಇದ್ರಾಗೂ ಹಂಗಾ ಐತಿ. ಇದ್ರಾಗೂ. ಅರ್ಧ ಬೋಳು ತಂಗಡಿ ಇನ್ನೆಲ್ಲಿ ಬೆಳಿತೈತಿ, ಹೇಳ್ರಿ ನೀವಾ."

ಅಧಿಕಾರಿ ಫೈಲನ್ನು ತಮ್ಮ ಕಡೆ ಎಳೆದುಕೊಂಡು ಹಿಂಗಾರಿನ ಫೋಟೋಗಳನ್ನು ಒಂದೊಂದಾಗಿ ನೋಡಿದರು. ಪಾಲು ಮಾಡಿಕೊಂಡ ಮೇಲಿನ ಎಲ್ಲದರಲ್ಲೂ ಹೂವಿನ ನೆತ್ತಿಯ ಮೇಲೆ ಬೋಳು ಕೊಂಬೆ ಇಣುಕುತ್ತಿತ್ತು. ನಾನು ಇಷ್ಟು ವರ್ಷ ಮರೆಮಾಚಲು ಹೆಣಗಿದ ಆ ಕೊಂಬೆಯೇ ಸಾಕ್ಷಿಗೆ ನಿಂತಿತ್ತು. "ನಡೀರಿ, ಗಿಡ ನೋಡೋಣ" ಎಂದರು.

ಏಳನೇ ಕಲ್ಲಿನ ಮುಂದೆ ಸುಡುಬಿಸಿಲಲ್ಲಿ ಗಿಡ ಕೆಂಪಗೆ ನಿಂತಿತ್ತು. ಅಧಿಕಾರಿ ಒಂದು ಎಲೆಯನ್ನು ಬೆರಳಲ್ಲಿ ಉಜ್ಜಿದರು. ಬೆರಳು ಕೆಂಪಾಯಿತು, ಎಲೆ ಕೆಳಗೆ ಹಸಿರಿತ್ತು. ಬುಡದ ಸುತ್ತ ಪಾತಿ ಇಲ್ಲ, ನೀರು ನಿಂತ ಗುರುತಿಲ್ಲ. ಮೇಲೆ ಇಡೀ ಇಳಿಜಾರಿನಲ್ಲಿ ಅದೇ ಕೆಂಪು ಗಿಡಗಳು. ಪಕ್ಕದ ಆರನೇ ಡಂಪಿನ ಜಾರಿದ ಮಣ್ಣನ್ನೂ ನೋಡಿದರು. "ಇದನ್ನು ಯಾರೂ ಮುಟ್ಟಬೇಡಿ" ಎಂದು ಅಲ್ಲಿಯೇ ಬರೆದರು. ಹುಲಿಗೆವ್ವ ಕಲ್ಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಕಣ್ಣೀರಿಗೆ ಆಕೆಯ ಮುಖ ಬೇಸಿಗೆಯಲ್ಲೂ ತೊಳೆದಂತಾಗಿತ್ತು, ನನ್ನದೂ ಹಾಗೇ ಆಗಿತ್ತು.

ನನಗೆ ಮೆಮೋ ಬಂತು, ಬರಬೇಕಾದದ್ದೇ. ಬಡ್ತಿಗೆ ಅರ್ಧ ಸಾಲು ಸಾಕು ಎಂದೆನಲ್ಲ, ಉಳಿದರ್ಧ ಈ ಮೆಮೋ ತಿಂದಿತು. ಆ ಮುಂಗಾರಿನ ಮೊದಲ ದೊಡ್ಡ ಮಳೆ ಬಂದ ಬೆಳಿಗ್ಗೆ ನಾನು ಕ್ಯಾಮೆರಾ ಮರೆತು ಕೊಡೆ ಹಿಡಿದು ಗುಡ್ಡಕ್ಕೆ ಓಡಿದೆ. ಇಳಿಜಾರು ನಿಂತಲ್ಲೇ ನಿಂತಿತ್ತು. ಹುಲಿಗೆವ್ವ ಮನೆಯ ಮುಂದೆ ಪಾತ್ರೆ ತೊಳೆಯುತ್ತಿದ್ದಳು. "ಕುಂದ್ರಿ, ಚಾ ಕುಡೀರಿ" ಎಂದಳು. ಕೊಟ್ರೇಶಪ್ಪ ಸಾಹೇಬರು ದೊಡ್ಡ ಫೋಟೋವನ್ನು ಇಳಿಸಿ ನನ್ನ ಮನೆಗೇ ಕಳಿಸಿದರು. ಅದು ಈಗ ನಮ್ಮ ಪಡಸಾಲೆಯಲ್ಲಿದೆ. ಬಂದವರು ಚೆಂದ ಐತಿ ಎಂದರೆ ಲಲಿತಾ, "ಅದು ಇವ್ರ ಮೆಮೋ" ಎನ್ನುತ್ತಾಳೆ.

ಈಗ ಡ್ರೋನು ಬಂದಿದೆ. ಮೇಲಿನಿಂದ ಹಾರಿ ಇಡೀ ಗುಡ್ಡವನ್ನು ಒಂದೇ ಗಳಿಗೆಯಲ್ಲಿ ತೆಗೆಯುತ್ತದೆ. ಸೀಕರಣೆ ತಿಂದು ಮಲಗುವುದಿಲ್ಲ. ಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂರುವವರು ಯಾರೂ ಇಲ್ಲ, ಇರಬೇಕೆಂದೂ ನಾನು ಹೇಳುವುದಿಲ್ಲ.

ನಿವೃತ್ತಿಯಾಗಿ ಕೆಲವು ವರ್ಷದ ಮೇಲೆ, ಒಂದು ಪಾಡ್ಯದ ಮರುದಿನ, ಸುಮ್ಮನೆ ಹೋಗಬೇಕೆನಿಸಿತು. ಸಂಡೂರಿನ ಬಸ್ಸು ಹತ್ತಿ ಇಳಿದು, ನಡೆದು ಹೋದೆ. ಮಳೆ ನಿಂತು ದಿನಗಳಾಗಿದ್ದವು, ಲಾರಿಗಳು ಓಡುತ್ತಿದ್ದವು. ಏಳನೇ ಕಲ್ಲು ವಾಲಿತ್ತು, ನಂಬರು ಅಳಿಸಿತ್ತು. ತಂಗಡಿಯ ಗುಡ್ಡದ ಕಡೆಯ ಮಗ್ಗುಲು ಬೋಳು. ಕಲ್ಲಿನ ಕಡೆಯ ಮಗ್ಗುಲಲ್ಲಿ ಕೊಂಬೆ ಬಾಗುವಷ್ಟು ಹೂವು.

ಕೆಳಗಿನಿಂದ ಕೊಡ ಹೊತ್ತು ಬಂದ ಹೆಣ್ಣುಮಗಳು ಹುಲಿಗೆವ್ವನ ಸೊಸೆ ರೇಣುಕಾ. ಅತ್ತೆಗೆ ಮೊಣಕಾಲು ನೋವು, ಗುಡ್ಡ ಹತ್ತುವುದಿಲ್ಲ, ಮನೆಯಲ್ಲಿದ್ದಾಳೆ ಎಂದಳು.

"ಈಗ ಇಲ್ಲಿಂದ ಫೋಟೋ ತೆಗೆಯಂಗಿಲ್ಲವ್ವಾ. ಮ್ಯಾಲಿಂದ ತೆಗೀತಾರ. ಈ ಮಗ್ಗಲು ಯಾಕ ಬಿಟ್ಟೀರಿ?" ಎಂದು ಕೇಳಿದೆ.

"ಅತ್ತಿ ಕೀಳಾಕ ಬಿಡಂಗಿಲ್ರಿ. ಫೋಟೋದಣ್ಣ ಯಾವಾಗರ ಬರ್ತಾನ, ಅವನ ಪಾಲು ಹಂಗಾ ಇರ್ಲಿ ಅಂತಾಳ."

ನಾನು ಕ್ಯಾಮೆರಾ ತಂದಿರಲಿಲ್ಲ. ಜೇಬಿನಲ್ಲಿ ಫೋನಿತ್ತು, ತೆಗೆಯಲಿಲ್ಲ. ಕಲ್ಲಿನ ಹಿಂದೆ ಹೋಗಿ, ಹಳೆಯ ಜಾಗದಲ್ಲೇ, ಮೊಣಕಾಲು ಹಿಡಿದುಕೊಂಡು ಕೂತೆ. ಗಾಳಿಗೆ ಹೂವು ಅಲ್ಲಾಡುತ್ತಿತ್ತು, ನಿಲ್ಲಲಿ ಎಂದು ಕಾಯ್ದೆ. ಎಲೆಯ ಮೇಲೆ ಆಗಲೇ ಕೆಂಪು ಧೂಳು ಕೂತಿತ್ತು. ಅದನ್ನು ಒರೆಸಲಿಲ್ಲ.